ಊಟಕ್ಕೆ ಬನ್ನಿ ಎಂದದ್ದಕ್ಕೆ ಬಂದವರು

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ, ಏಳನೇ ಕ್ಲಾಸಿಗೆ ನನ್ನ ಓದು ನಿಂತಿತು. ಫೇಲಾಗಿ ನಿಂತದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಪಾಸಾಗಿತ್ತು. ಆ ಬೇಸಿಗೆಯಲ್ಲಿ ನಮ್ಮ ಬೈರಮಂಗಲದ ಒಂದು ಬೀಗರ ಊಟಕ್ಕೆ ಈರುಳ್ಳಿ ಹೆಚ್ಚಲು ಹೋದವನು ಒಲೆಯ ಮುಂದೆಯೇ ಉಳಿದುಬಿಟ್ಟೆ. ಅಲ್ಲಿಂದ ಇಲ್ಲಿಯವರೆಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ತಾಲ್ಲೂಕಿನಲ್ಲಿ ನನ್ನ ಕೈಯ ಮುದ್ದೆ ಉಣ್ಣದ ನಂಟರು ಕಡಿಮೆ. ಮಾಗಡಿ ಕಡೆಯವರಿಗೆ ಸಾರು ತೆಳ್ಳಗಿರಬೇಕು. ಕನಕಪುರದವರಿಗೆ ಖಾರ ಕಣ್ಣಲ್ಲಿ ನೀರು ತರಿಸಬೇಕು. ಚನ್ನಪಟ್ಟಣದವರು ಎಲೆಯ ಮೇಲಿನ ತುಂಡು ಎಣಿಸುತ್ತಾರೆ. ಇದೆಲ್ಲ ಯಾವ ಪುಸ್ತಕದಲ್ಲೂ ಇಲ್ಲ, ನನಗೆ ಗೊತ್ತು.

ಇನ್ನೊಂದು ಮಾತು. ಲಿಂಗಯ್ಯ ಒಲೆ ಹಚ್ಚಿದ ಮನೆಯಲ್ಲಿ ಊಟ ಸಾಲದೆ ಬಂತು ಎಂದು ಯಾರೂ ಹೇಳಿದ್ದಿಲ್ಲ. ಅರವತ್ತು ಜನ ಎಂದರೆ ನಾನು ಎಪ್ಪತ್ತು ಜನಕ್ಕೆ ಇಡುತ್ತೇನೆ. ಇನ್ನೂರು ಎಂದರೆ ಇನ್ನೂರ ಮೂವತ್ತಕ್ಕೆ. ನನ್ನ ಮರ್ಯಾದೆ ಎಂದರೆ ಅಷ್ಟೇ, ಬೇರೆ ಆಸ್ತಿ ಆಮೇಲೆ ಬಂದದ್ದು.

ಈ ಮರ್ಯಾದೆಯನ್ನು ಹೊತ್ತುಕೊಂಡೇ ಹೋದ ಫೆಬ್ರವರಿಯಲ್ಲಿ ನ್ಯೂಜಿಲೆಂಡಿಗೆ ಹೋದೆ. ಅಕ್ಕೂರಿನ ಬೋರೇಗೌಡ ನನ್ನ ಓರಗೆಯವನು. ಅವನ ಮಗ ಪುಟ್ಟರಾಜು ಆ ದೇಶದ ಒಂದು ಚಿಕ್ಕ ಊರಿನಲ್ಲಿ ಹಾಲು ಕರೆಯುವ ಫಾರಮ್ಮಿನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿಯದೇ ಹುಡುಗಿ ಕ್ಲೇರಳನ್ನು ರಿಜಿಸ್ಟರ್ ಮದುವೆಯಾದ. ಮದುವೆ ಸುದ್ದಿ ಕೇಳಿ ಬೋರೇಗೌಡ ಅಳಲೂ ಇಲ್ಲ, ನಗಲೂ ಇಲ್ಲ, ನೇರ ನಮ್ಮ ಮನೆಗೆ ಬಂದ.

“ಲೇ ಲಿಂಗ, ಸೈನ್ ಹಾಕ್ಬುಟ್ರೆ ಮದ್ವೆ ಆಗೋಯ್ತಾ? ಬೀಗ್ರೂಟ ಆಗ್ಬೇಕು ಕಣ್ಲಾ. ಅವ್ಳ ಅಪ್ಪ, ಅವ್ವ, ಅಣ್ಣತಮ್ಮಂದ್ರು ನಮ್ ಹಿಟ್ಟು ಮುರ್ದು ಉಣ್ಬೇಕು. ಆಗ ಅವ್ರು ಬೀಗ್ರು. ಅಲ್ಲೀಗಂಟ ಯಾರೋ ಬೆಳ್ಳಗಿರೋ ಜನ.”

“ಅಲ್ಲಿ ಸಾರು ಮಾಡೋರು ಸಿಕ್ಕಲ್ವೇನ್ಲಾ?”

“ಸಿಕ್ಕಿದ್ರೆ ನಿನ್ ಮೂತಿ ಯಾಕ್ಲಾ ನೋಡ್ತಿದ್ದೆ? ಟಿಕೆಟ್ಟು ನಂದು, ಸೌಟು ನಿಂದು. ಹೊರ‍್ಡು.”

ಹೊರಟೆ. ಅಲ್ಲಿ ನಾನು ಕಂಡದ್ದು ಹಿಮದ ಬೆಟ್ಟವಲ್ಲ, ಸಮುದ್ರವಲ್ಲ. ಅಂಗಡಿ ಕಂಡೆ. ಅಂಗಡಿಯಲ್ಲಿ ಮಾತಾಡಿಸುವವರನ್ನು ಕಂಡೆ. ಅವರಿಂದ ನನಗಾದ ಪಾಡನ್ನು ಮಾತ್ರ ಬರೆಯುತ್ತೇನೆ.

ವಿಮಾನ ನಿಲ್ದಾಣ

ಮುದ್ದೆಯ ಹಿಟ್ಟು ತಿರುವುವ ಕೋಲನ್ನು ನಾನು ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ರಾಗಿ ಅಲ್ಲಿಯ ಇಂಡಿಯಾ ಅಂಗಡಿಯಲ್ಲಿ ಸಿಗುತ್ತದೆ, ಕೋಲು ಸಿಗುವುದಿಲ್ಲ ಎಂದು ಪುಟ್ಟರಾಜು ಹೇಳಿದ್ದ. ಮರದ ಸಾಮಾನು ಇದ್ದರೆ ಮುಚ್ಚಿಡಬೇಡಿ, ಬರೆದುಕೊಡಿ ಎಂದೂ ಹೇಳಿದ್ದ. ಬರೆದುಕೊಟ್ಟೆ.

ತಪಾಸಣೆಯ ಹೆಂಗಸು ಕೋಲನ್ನು ಬಿಚ್ಚಿ ನೋಡಿ ಬಹಳ ಚೆನ್ನಾಗಿದೆ ಎಂದಳು. ಇದರಲ್ಲಿ ಏನು ಮಾಡುತ್ತೀರಿ ಎಂದಳು. ಕನಕಪುರ ರಸ್ತೆಯ ರೆಸಾರ್ಟುಗಳಲ್ಲಿ ಅಡುಗೆ ಮಾಡಿ ಮಾಡಿ ನನಗೂ ಒಸಿ ಇಂಗ್ಲಿಷು ಬರುತ್ತದೆ. ಕೈಯಾಡಿಸಿ ತೋರಿಸಿದೆ. ಯಾರ ಮದುವೆ ಎಂದಳು. ಹೇಳಿದೆ. ಹುಡುಗಿ ಯಾವ ಊರಿನವಳು ಎಂದಳು. ಅದನ್ನೂ ಹೇಳಿದೆ. ಅಯ್ಯೋ ನನ್ನ ಅಕ್ಕ ಅದೇ ಕಡೆ ಇರುವುದು ಎಂದು ಸಂತೋಷಪಟ್ಟಳು. ಇನ್ನೇನು ಕೊಟ್ಟಳು ಎಂದು ನಾನು ಕೈ ಚಾಚಿದೆ. ಅವಳು ಕೋಲಿನ ತುದಿಯಲ್ಲಿ ಹುಳ ಕೊರೆದ ಸಾಸಿವೆಯಷ್ಟು ತೂತನ್ನು ತೋರಿಸಿ, ಕ್ಷಮಿಸಿ ಎಂದು ನಗುತ್ತಲೇ ಅದನ್ನು ಹಿಂದಿನ ಡಬ್ಬಕ್ಕೆ ಹಾಕಿದಳು. ಮದುಮಕ್ಕಳಿಗೆ ಶುಭಾಶಯ ತಿಳಿಸಿ ಎಂದಳು.

ನಮ್ಮಲ್ಲಿ ಯಾರಾದರೂ ವಸ್ತು ಕಿತ್ತುಕೊಳ್ಳುವಾಗ ಮುಖ ಗಂಟಿಕ್ಕಿಕೊಳ್ಳುತ್ತಾರೆ. ಆಗ ಎದುರು ನಿಂತವನಿಗೆ ಜಗಳವಾಡಲು ಒಂದು ದಾರಿಯಾದರೂ ಇರುತ್ತದೆ. ಹಲ್ಲು ಬಿಟ್ಟು ನಗುವವಳ ಹತ್ತಿರ ಏನೆಂದು ಜಗಳವಾಡುವುದು?

ದಿನಸಿ ಅಂಗಡಿ, ಬುಧವಾರ

ಬೀಗರ ಊಟ ಶನಿವಾರ. ಪುಟ್ಟರಾಜುವಿಗೆ ಬೆಳಗಿನ ಜಾವಕ್ಕೇ ಹಾಲು ಕರೆಯುವ ಕೆಲಸ. ಬೋರೇಗೌಡನಿಗೆ ಬೀಗರ ಮನೆಗೆ ಹೋಗಿ ಸುಮ್ಮನೆ ಕುಳಿತು ಬರುವ ಕೆಲಸ. ಸಾಮಾನು ತರಲು ನಾನೊಬ್ಬನೇ ನಡೆಯಬೇಕು. ದಾರಿ ತಪ್ಪಿದರೆ ಯಾರಿಗಾದರೂ ತೋರಿಸಿ ಎಂದು ಪುಟ್ಟರಾಜು ಒಂದು ಕಾರ್ಡಿನಲ್ಲಿ ಮನೆಯ ವಿಳಾಸ ಬರೆದುಕೊಟ್ಟ. ಅದನ್ನು ಜೇಬಿನಲ್ಲಿಟ್ಟುಕೊಂಡೆ. ಈ ಕಾರ್ಡೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಅಲ್ಲಿಯ ಊರು ಎಂದರೆ ಒಂದು ಉದ್ದನೆಯ ಬೀದಿ. ಎದುರಿಗೆ ಬಂದವರೆಲ್ಲ ನಮಸ್ಕಾರದ ಬದಲು ಮಾತಾಡಿಸುತ್ತಾರೆ. ಇವತ್ತು ಹವಾ ಚೆನ್ನಾಗಿದೆ ಅಲ್ಲವೇ ಎನ್ನುತ್ತಾರೆ. ಹವಾ ಅವರದು, ನಾನೇನು ಹೇಳಲಿ? ನಾಯಿ ಹಿಡಿದುಕೊಂಡು ಬಂದ ಮುದುಕನೊಬ್ಬ ನಿಂತು ನಾಯಿಯ ಹೆಸರು, ವಯಸ್ಸು, ಅದರ ಮಂಡಿನೋವು ಎಲ್ಲ ಹೇಳಿದ. ನಾನು ಅವನ ಹೆಸರು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಾಯಿಯದು ಮಾತ್ರ ನೆನಪಿದೆ, ರಸ್ಟಿ.

ದಿನಸಿ ಅಂಗಡಿಯ ಕೌಂಟರಿನಲ್ಲಿ ಕನ್ನಡಕ ಹಾಕಿದ ದಪ್ಪನೆಯ ಹೆಂಗಸು. ಎದೆಯ ಮೇಲಿನ ಪಟ್ಟಿಯಲ್ಲಿ ಡೆಬ್ ಎಂದಿತ್ತು. ನನ್ನ ಬುಟ್ಟಿಯಲ್ಲಿ ಎಂಟು ಕೆ.ಜಿ. ಈರುಳ್ಳಿ, ಮೂರು ಕೆ.ಜಿ. ಬೆಳ್ಳುಳ್ಳಿ ನೋಡಿ ಅವಳ ಹುಬ್ಬು ಮೇಲೆ ಹೋಯಿತು. ನಿಮ್ಮ ದಿನ ಹೇಗೆ ಹೋಗುತ್ತಿದೆ ಎಂದಳು. ಕೇಳಿದ್ದಕ್ಕೆ ಉತ್ತರ ಹೇಳಬೇಕಲ್ಲ? ರಾತ್ರಿ ನಿದ್ದೆ ಇಲ್ಲ, ಕೋಲು ಹೋಯಿತು, ಕೊತ್ತಂಬರಿ ಸೊಪ್ಪಿಗೆ ಇಲ್ಲಿ ವಾಸನೆಯೇ ಇಲ್ಲ ಎಂದೆ. ಅವಳು ಕೆಲಸ ನಿಲ್ಲಿಸಿ ಕೇಳಿಸಿಕೊಂಡಳು. ನನ್ನ ಹಿಂದೆ ಐದು ಜನ ನಿಂತಿದ್ದರು. ಒಬ್ಬರೂ “ಬೇಗ ಬೇಗ” ಎನ್ನಲಿಲ್ಲ. ಅವರಲ್ಲೂ ಇಬ್ಬರು ತಲೆ ತೂರಿಸಿ ಕೊತ್ತಂಬರಿಯ ವಿಷಯಕ್ಕೆ ಸೇರಿಕೊಂಡರು. ರಾಮನಗರದ ಯಾವ ಅಂಗಡಿಯಲ್ಲಾದರೂ ಇಷ್ಟು ಹೊತ್ತು ನಿಂತಿದ್ದರೆ ಹಿಂದಿನವನು ನನ್ನ ಈರುಳ್ಳಿಯ ಮೇಲೆಯೇ ತನ್ನ ಸಕ್ಕರೆ ಇಡುತ್ತಿದ್ದ.

ಮಾತು ಮುಗಿಯಲೇ ಇಲ್ಲ. ಏನು ಅಡುಗೆ, ಯಾರಿಗೆ, ಎಷ್ಟು ಜನಕ್ಕೆ. ನನಗೆ ಹೊತ್ತಾಗುತ್ತಿತ್ತು. ನಮ್ಮ ಕಡೆ ಇಂಥ ಮಾತನ್ನು ಮುಗಿಸಲು ಒಂದು ರೀತಿ ಉಂಟು. “ಆಯ್ತು, ಬನ್ನಿ ಊಟಕ್ಕೆ” ಎಂದು ಕೈ ಮುಗಿದು ಹೊರಡುವುದು. ಎದುರಿನವರು “ಆಗ್ಲಿ ಆಗ್ಲಿ” ಎನ್ನುತ್ತಾರೆ, ಅವರ ದಾರಿ ಅವರಿಗೆ. ಮನೆಯವರು ಬಂದು ಎಲೆ ಅಡಿಕೆ ಕೊಟ್ಟು ಕರೆಯದೆ ಯಾವನೂ ಊಟಕ್ಕೆ ಬರುವುದಿಲ್ಲ. ಇದು ಮಗುವಿಗೂ ಗೊತ್ತು. ಅದೇ ಅಭ್ಯಾಸದಲ್ಲಿ, ಶನಿವಾರ ಊಟಕ್ಕೆ ಬನ್ನಿ ಎಂದೆ. ಡೆಬ್ ಎಲ್ಲಿ ಎಂದಳು. ವಿಳಾಸ ಬಾಯಲ್ಲಿ ಹೇಳಲು ಬರದೆ ಕಾರ್ಡು ತೋರಿಸಿದೆ. ಅವಳು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡಳು.

ಮರ್ಯಾದೆಗೆ ತೆಗೆದುಕೊಂಡಳು ಎಂದುಕೊಂಡೆ.

ಹಾರ್ಡ್‌ವೇರ್ ಅಂಗಡಿ, ಗುರುವಾರ

ಹೋದ ಕೋಲಿನ ಬದಲಿಗೆ ನನಗೆ ಬೇಕಾದದ್ದು ಒಂದು ಗುದ್ದಲಿ ಕಾವು. ಬಣ್ಣವಿಲ್ಲದ, ಎಣ್ಣೆಯಿಲ್ಲದ, ಬರಿಯ ಮರದ ಕಾವು. ಮಾಗಡಿ ಪೇಟೆಯಲ್ಲಾದರೆ ಅಂಗಡಿಯವನು ಮೊಬೈಲಿನಿಂದ ಕಣ್ಣು ತೆಗೆಯದೆ ಮೂಲೆಯತ್ತ ಗಲ್ಲ ತೋರಿಸುತ್ತಾನೆ. ನಾವೇ ಎತ್ತಿಕೊಂಡು ಬರುತ್ತೇವೆ. ಎರಡು ನಿಮಿಷದ ಕೆಲಸ.

ಇಲ್ಲಿಯ ಅಂಗಡಿಯವನು ಗ್ರಹಾಂ ಎಂಬ ಉದ್ದನೆಯ ಮನುಷ್ಯ. ಹೊರಗೆ ಬಂದು ನನ್ನ ಕೈ ಕುಲುಕಿದ. ಕಾವು ಯಾತಕ್ಕೆ ಎಂದ. ಅಡುಗೆಗೆ ಎಂದೆ. ಅಲ್ಲಿಗೆ ನನ್ನ ಬೆಳಗ್ಗೆ ಹಾಳಾಯಿತು. ಕಾವಿನಲ್ಲಿ ಅಡುಗೆಯೇ ಎಂದು ಅವನು ಒಳಗಿದ್ದವರನ್ನು ಕರೆದ. ಸಾಮಾನು ಕೊಳ್ಳಲು ಬಂದ ಮೂವರು ಬಂದು ನಿಂತರು. ನಾನು ಖಾಲಿ ಬಕೆಟ್ಟು ಇಟ್ಟು, ಎರಡು ಕಾಲಿನಲ್ಲಿ ಅದನ್ನು ಒತ್ತಿ ಹಿಡಿದು, ಹಿಟ್ಟು ತಿರುವುವುದನ್ನು ಮಾಡಿ ತೋರಿಸಿದೆ. ಒಬ್ಬ ದೋಣಿಯ ಹುಟ್ಟು ಒಳ್ಳೆಯದು ಎಂದ. ಇನ್ನೊಬ್ಬ ಕ್ರಿಕೆಟ್ ಬ್ಯಾಟು ಎಂದ, ತನ್ನ ಹಳೆಯದೊಂದು ಇದೆ, ತಂದುಕೊಡುತ್ತೇನೆ ಎಂದ. ಮುದುಕಿಯೊಬ್ಬಳು, ನಮ್ಮ ಅಜ್ಜಿ ಬಟ್ಟೆ ಕುದಿಸುವಾಗ ಇಂಥದ್ದೇ ಕೋಲಿನಲ್ಲಿ ತಿರುವುತ್ತಿದ್ದಳು ಎಂದು ಶುರು ಮಾಡಿ, ಅಜ್ಜಿ ಸತ್ತದ್ದರವರೆಗೂ ಹೇಳಿದಳು. ಯಾರಿಗೂ ಕೆಲಸವಿಲ್ಲ ಎಂದಲ್ಲ. ಎಲ್ಲರಿಗೂ ಕೆಲಸವಿತ್ತು, ಎಲ್ಲರೂ ಅದನ್ನು ಪಕ್ಕಕ್ಕಿಟ್ಟು ನನ್ನ ಕೆಲಸ ಹಿಡಿದುಕೊಂಡಿದ್ದರು. ನಾನು ಮೂವತ್ತೆಂಟು ವರ್ಷ ತಿರುವಿದ ಹಿಟ್ಟಿಗೆ ಇವರ ಸಲಹೆ.

ಕೊನೆಗೆ ಗ್ರಹಾಂ ಹಿಂದಿನ ಕೋಣೆಯಿಂದ ಬಣ್ಣ ಕಾಣದ ಹಳೆಯ ಕಾವು ತಂದ. ನಾನು ಕೇಳಿದ್ದು ಅದನ್ನೇ, ಮುಕ್ಕಾಲು ಗಂಟೆ ಹಿಂದೆ. ತಪ್ಪಿಸಿಕೊಳ್ಳುವ ಅವಸರದಲ್ಲಿ ಅಲ್ಲಿದ್ದವರಿಗೆಲ್ಲ ಕೈ ಮುಗಿದು, ಬನ್ನಿ ಊಟಕ್ಕೆ ಎಂದೆ. ಕಾರ್ಡು ಕೈಯಿಂದ ಕೈಗೆ ಹೋಯಿತು.

ಮನೆಗೆ ಬಂದು ಗಾಜಿನ ಚೂರಿನಿಂದ ಕಾವನ್ನು ಹೆರೆದು, ಹುಣಸೆ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟೆ.

ಮಾಂಸದ ಅಂಗಡಿ, ಶುಕ್ರವಾರ

ಕುರಿ ಆ ದೇಶದಲ್ಲಿ ಜನಕ್ಕಿಂತ ಹೆಚ್ಚು. ಆದರೆ ಕತ್ತರಿಸುವುದು ಬರುವುದಿಲ್ಲ. ಅಂಗೈಯಗಲದ ತುಂಡು ಮಾಡಿ ಇಡುತ್ತಾರೆ. ಮೂಳೆ ಸಮೇತ ಸಣ್ಣಗೆ, ನಿಂಬೆಹಣ್ಣಿನ ಗಾತ್ರ ಎಂದು ಹೇಳಿ, ಪಕ್ಕದಲ್ಲಿ ನಿಂತು ಮಾಡಿಸಿದೆ. ತಲೆ, ಕಾಲು, ಬೋಟಿ ಎಲ್ಲಿ ಎಂದೆ. ಕಟುಕ ಹಿತ್ತಲಿನ ಕಸದ ಡ್ರಮ್ಮು ತೋರಿಸಿದ. ಹೋಗಿ ಮುಚ್ಚಳ ಎತ್ತಿ ಇಣುಕಿದೆ. ಅಷ್ಟು ದೊಡ್ಡ ರುಚಿಯನ್ನು ಡ್ರಮ್ಮಿಗೆ ಹಾಕಿದ್ದಾರೆ! ಅವನು ನನ್ನ ಮುಖ ನೋಡಿ ಜೋರಾಗಿ ನಕ್ಕು, ಈ ದಿನ ಕೊಯ್ದ ಕುರಿಯದನ್ನು ತೆಗೆದುಕೊಟ್ಟ, ಅದಕ್ಕೆ ಏನೂ ಬೇಡ ಎಂದ. ಆಮೇಲೆ ಅದನ್ನು ಹೇಗೆ ತೊಳೆಯುತ್ತೀರಿ, ಹೇಗೆ ಸುಡುತ್ತೀರಿ ಎಂದು ಹಿಡಿದ. ಇಪ್ಪತ್ತು ನಿಮಿಷ. ನನ್ನ ಬಾಯಲ್ಲಿ ಆ ಮಾತು ತಾನಾಗಿಯೇ ಬಂತು. ಅವನೂ ಬರೆದುಕೊಂಡ.

ಸಂಜೆ ಬಸ್ಸಿನಲ್ಲಿ ಡ್ರೈವರು ನನ್ನ ಚೀಲಗಳನ್ನು ಇಳಿಸಿಕೊಟ್ಟ. ಅವನಿಗೂ ಹೇಳಿದೆ. ನಾಯಿಯ ಮುದುಕನಿಗೂ ಹೇಳಿದೆ. ಮೂರು ದಿನದಲ್ಲಿ ನಾನು ಎಷ್ಟು ಜನರಿಂದ ಹೀಗೆ ತಪ್ಪಿಸಿಕೊಂಡೆನೋ, ಎಣಿಸಿರಲಿಲ್ಲ. ಎಣಿಸಬೇಕಿತ್ತು.

ಶನಿವಾರ

ಅರವತ್ತು ಜನ. ಎಪ್ಪತ್ತಕ್ಕೆ ಇಟ್ಟೆ. ಹನ್ನೆರಡಕ್ಕೆಲ್ಲ ಸಾರು ಒಲೆಯ ಮೇಲೆ ಕಣ್ಣು ಬಿಟ್ಟಿತ್ತು, ಬೋಟಿ ಗೊಜ್ಜು ತಯಾರು, ಮೊದಲ ಪಾತ್ರೆ ಹಿಟ್ಟು ಕುದಿಯುತ್ತಿತ್ತು. ಅಂಗಳದಲ್ಲಿ ಬೆಂಚು ಜೋಡಿಸಿ ಪೇಪರ್ ತಟ್ಟೆ ಇಟ್ಟಿದ್ದರು. ಕ್ಲೇರಳ ಅಪ್ಪ, ಅವ್ವ, ಅಣ್ಣತಮ್ಮಂದಿರು ಬಂದರು. ಬೋರೇಗೌಡ ಪಂಚೆ ಉಟ್ಟು ಗೇಟಿನಲ್ಲಿ ನಿಂತು ಕೈ ಮುಗಿದದ್ದೇ ಮುಗಿದದ್ದು.

ಸ್ವಲ್ಪ ಹೊತ್ತಿಗೆ ಒಲೆಯ ಹತ್ತಿರ ಬಂದ.

“ಏನ್ಲಾ ಲಿಂಗ, ಯಾರ್ಲಾ ಅವ್ರು? ಬೀಗ್ರ ಕಡೇರು ಅಂದ್ಕಂಡು ನಾನು ಬಗ್ಗಿ ಬಗ್ಗಿ ಕೈ ಮುಗಿದ್ರೆ, ಅವ್ರು ನಿನ್ ಹೆಸ್ರು ಹೇಳ್ತವ್ರೆ!”

ಗೇಟಿನ ಕಡೆ ನೋಡಿದೆ. ಡೆಬ್, ಅವಳ ಗಂಡ, ಇಬ್ಬರು ಹೆಣ್ಣುಮಕ್ಕಳು. ಹಿಂದೆ ಗ್ರಹಾಂ ಹೆಂಡತಿಯ ಜೊತೆ. ಬ್ಯಾಟಿನವನು. ಬಟ್ಟೆ ಕುದಿಸಿದ ಅಜ್ಜಿಯ ಮೊಮ್ಮಗಳು, ಅಂದರೆ ಆ ಮುದುಕಿ, ತನ್ನ ಮಗಳ ಸಂಸಾರದೊಂದಿಗೆ. ಕಟುಕ. ಬಸ್ಸಿನವನು. ರಸ್ಟಿ. ಎಲ್ಲರ ಕೈಯಲ್ಲೂ ಒಂದೊಂದು ಪಾತ್ರೆ, ಮೇಲೆ ಬಟ್ಟೆ ಮುಚ್ಚಿದೆ.

ಪುಟ್ಟರಾಜು ಓಡಿ ಬಂದ. “ಲಿಂಗಣ್ಣ, ನೀವು ಇವ್ರನ್ನೆಲ್ಲ ಕರ‍್ದಿದ್ರಾ?”

“ನಾನ್ಯಾಕಪ್ಪ ಕರೀಲಿ? ಬನ್ನಿ ಊಟಕ್ಕೆ ಅಂದೆ ಅಷ್ಟೇಯ.”

“ಇಲ್ಲಿ ಅದನ್ನೇ ಕರ‍್ಯೋದು ಅನ್ನೋದು, ಲಿಂಗಣ್ಣ.”

ಅವನೇ ಎಣಿಸಿದ. ಇಪ್ಪತ್ತೆಂಟು ಜನ. ನಾಯಿ ಬಿಟ್ಟು.

ನನ್ನ ಕೈ ಕಾವಿನ ಮೇಲೆ ನಿಂತುಹೋಯಿತು. ಎಪ್ಪತ್ತರ ಅಡುಗೆ, ಎಂಬತ್ತೆಂಟು ಜನ. ರಾಗಿ ಇದೆ, ಇನ್ನೊಂದು ಪಾತ್ರೆ ಹಿಟ್ಟು ತಿರುವಬಹುದು. ಸಾರು? ಬಿಸಿನೀರು ಸುರಿದರೆ ಸಾರು ಬೆಳೆಯುತ್ತದೆ ಎಂದು ನಿಮಗೆ ಅನ್ನಿಸಬಹುದು. ಸುರಿಯುವ ಭಟ್ಟರು ಇದ್ದಾರೆ. ನಾನು ಸುರಿದವನಲ್ಲ.

ಅಷ್ಟರಲ್ಲಿ ಡೆಬ್ ಬಂದು ನನ್ನ ಒಲೆಯ ಪಕ್ಕದಲ್ಲೇ ತನ್ನ ಪಾತ್ರೆ ಇಟ್ಟು ಬಟ್ಟೆ ತೆಗೆದಳು. ಆಲೂಗಡ್ಡೆ, ಮೊಟ್ಟೆ, ಬಿಳಿಯದೇನೋ ಕಲಸಿದ್ದು. ಹಿಂದೆಯೇ ಗ್ರಹಾಂನ ಹೆಂಡತಿ ಹಂದಿಮರಿಯ ತೊಡೆ ಹುರಿದದ್ದು ತಂದಿಟ್ಟಳು. ನನಗೆ ನೆತ್ತಿಗೇರಿತು. ಅಡುಗೆಯವನು ಒಲೆ ಹಚ್ಚಿರುವ ಮನೆಗೆ ಬೇಯಿಸಿದ್ದನ್ನು ಹೊತ್ತು ತರುವುದೆಂದರೇನು? ನಮ್ಮಲ್ಲಿ ಹೀಗೆ ಮಾಡಿದರೆ, ನಿನ್ನ ಅಡುಗೆಯನ್ನು ನಾವು ನಂಬುವುದಿಲ್ಲ ಎಂದು ಹೇಳಿದ ಹಾಗೆ. ಎರಡು ಊರಿನ ನಡುವೆ ಮಾತು ಬಿಟ್ಟುಹೋಗುವ ವಿಷಯ ಅದು.

“ಪುಟ್ರಾಜ, ಇದ್ನೆಲ್ಲ ಮೊದ್ಲು ಎತ್ತಪ್ಪ ಇಲ್ಲಿಂದ. ಇಲ್ದಿದ್ರೆ ನಾನು ಸೌಟು ಕೆಳಗಿಕ್ಕಿ ಹೊಂಟೋಯ್ತೀನಿ.”

“ಎಲ್ಲಿಗ್ ಹೋಯ್ತೀರಿ ಲಿಂಗಣ್ಣ, ಪಾಸ್ಪೋಟು ನಮ್ಮಪ್ಪನ ಬ್ಯಾಗಲ್ಲಿದೆ” ಎಂದ. ಆದರೂ ಎಲ್ಲವನ್ನೂ ಎತ್ತಿ ಷೆಡ್ಡಿಗೆ ಸಾಗಿಸಿದ. ಇಲ್ಲಿ ಯಾರ ಮನೆಗೆ ಹೋದರೂ ಬರಿಗೈಯಲ್ಲಿ ಹೋಗುವುದಿಲ್ಲ, ಮರ್ಯಾದೆಗೆ ತರುತ್ತಾರೆ ಎಂದು ಹೇಳಿದ. ಅವರ ಮರ್ಯಾದೆ ಅವರಿಗೆ, ನನ್ನದು ನನಗೆ.

ಮೊದಲ ಸಾಲು ಬೀಗರದು. ಕ್ಲೇರಳ ಅಪ್ಪ ಮುದ್ದೆಯನ್ನು ಅಗಿಯಲು ಹೋಗಿ ಅದು ಹಲ್ಲಿಗೆ ಅಂಟಿಕೊಂಡು ಒದ್ದಾಡಿದ. ಬೋರೇಗೌಡ ಎದುರು ಕೂತು, ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿ ತೋರಿಸಿದ. ಬಾಯಿ ತೆರೆದು ಖಾಲಿ ಎಂದೂ ತೋರಿಸಿದ. ಆ ಮನುಷ್ಯ ಮೂರನೇ ತುತ್ತಿಗೆ ಕಲಿತ. ಕಲಿತದ್ದಷ್ಟೇ ಅಲ್ಲ, ಎರಡನೇ ಮುದ್ದೆ ಹಾಕಿಸಿಕೊಂಡ. ಬೇರೆ ದಿನವಾಗಿದ್ದರೆ ನನ್ನ ಎದೆ ಉಬ್ಬುತ್ತಿತ್ತು. ಆ ದಿನ ನಾನು ಅವನ ತಟ್ಟೆಗೆ ಬಿದ್ದ ತುಂಡು ಎಣಿಸುತ್ತಿದ್ದೆ, ಚನ್ನಪಟ್ಟಣದವರ ಹಾಗೆ.

ಎರಡನೇ ಸಾಲಿಗೆ ಫಾರಮ್ಮಿನವರು ಕೂತರು. ನಾನು ಎರಡನೇ ಪಾತ್ರೆ ಹಿಟ್ಟು ತಿರುವಲು ನಿಂತೆ. ಪಾತ್ರೆ ಹಿಡಿಯುವವರು ಬೇಕು ಎನ್ನುವಷ್ಟರಲ್ಲಿ ಗ್ರಹಾಂ ಮತ್ತು ಕಟುಕ ಕೇಳದೆಯೇ ಬಂದು ಬಟ್ಟೆ ಸುತ್ತಿಕೊಂಡು ಎರಡು ಕಡೆ ಕಿವಿ ಹಿಡಿದರು. ಹಿಡಿದುಕೊಂಡು ಮಾತು ಶುರು ಮಾಡಿದರು. ಹಿಟ್ಟು ತಿರುವುವವನಿಗೆ ಉಸಿರೇ ಸಿಗುವುದಿಲ್ಲ, ಇವರಿಗೆ ನಾನು ಉತ್ತರ ಬೇರೆ ಕೊಡಬೇಕು.

ಮೂರನೇ ಸಾಲಿಗೆ ಇಪ್ಪತ್ತೆಂಟು ಜನ ಕೂತರು. ನಾನು ಕರೆದವರು. ಅವರ ಜೊತೆ ಇನ್ನೂ ಊಟ ಮಾಡದ ಪುಟ್ಟರಾಜು, ಕ್ಲೇರ್. ತಟ್ಟೆಗಳಲ್ಲಿ ಮುದ್ದೆ ಬಿತ್ತು. ನಾನು ಸಾರಿನ ಪಾತ್ರೆಗೆ ಸೌಟು ಇಳಿಸಿದೆ. ತಳ ತಾಗಿದ ಸದ್ದು ಬಂತು.

ಆ ಸದ್ದು ನನಗೆ ಹೊಸದು. ಬೇರೆಯವರ ಅಡುಗೆಯಲ್ಲಿ ಕೇಳಿದ್ದೆ, ಕೇಳಿ ಮನಸ್ಸಿನಲ್ಲೇ ನಕ್ಕಿದ್ದೆ. ಬಗ್ಗಿ ನೋಡಿದೆ. ಹತ್ತು ಜನಕ್ಕೆ ಆಗಬಹುದು. ಪಕ್ಕದ ಒಲೆಯಲ್ಲಿ ಬಿಸಿನೀರು ಮರಳುತ್ತಿತ್ತು. ಚೆಂಬು ಕೈಗೆ ತೆಗೆದುಕೊಂಡೆ, ನೀರು ತುಂಬಿದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಜನ್ಮದಲ್ಲಿ ಮೊದಲ ಸಲ ಈ ಸಾರು ಉಣ್ಣುವವರು, ತೆಳ್ಳಗೋ ಗಟ್ಟಿಯೋ ಅವರಿಗೇನು ತಿಳಿದೀತು? ಪಾತ್ರೆಯ ಮೇಲೆ ಚೆಂಬು ಹಿಡಿದುಕೊಂಡು ನಿಂತೆ. ಎಷ್ಟು ಹೊತ್ತು ನಿಂತೆನೋ, ಬೋರೇಗೌಡ ಅಲ್ಲಿಂದಲೇ ನೋಡಿ ಬಂದ.

“ಯಾಕ್ಲಾ ನಿಂತ್ಬುಟ್ಟೆ?”

ಚೆಂಬಿನ ನೀರನ್ನು ನೆಲಕ್ಕೆ ಚೆಲ್ಲಿದೆ.

“ಸಾಲ್ದು ಕಣ್ಲಾ ಬೋರ” ಎಂದೆ.

ನನ್ನ ಕಿವಿಗೆ ಅದು ಬೇರೆ ಯಾರದೋ ಧ್ವನಿಯ ಹಾಗೆ ಕೇಳಿಸಿತು. ಅವನು ನಗುತ್ತಾನೆ, ಅಕ್ಕೂರಿಗೆ ಹೋಗಿ ಅರಳಿಕಟ್ಟೆಯಲ್ಲಿ ಹೇಳುತ್ತಾನೆ ಎಂದು ಕಾದೆ. ಅವನು ಪಾತ್ರೆಗೆ ಇಣುಕಿ ನೋಡಿದ, ನನ್ನ ಮುಖ ನೋಡಿದ.

“ಅಷ್ಟೇನಾ? ಅದ್ಕೆ ಹೆಣ ಹೊತ್ತೋನಂಗೆ ನಿಂತಿದ್ದೀಯಾ? ಬಾ, ಷೆಡ್ಡಲ್ಲಿರೋದ ತರಾನ.”

ಇಬ್ಬರೂ ಹೋದೆವು. ಅವನು ಹಂದಿಯ ತೊಡೆ ಎತ್ತಿಕೊಂಡ, ನಾನು ಆಲೂಗಡ್ಡೆ. ನನ್ನ ಒಲೆಯ ಊಟಕ್ಕೆ ಬೇರೆಯವರ ಅಡುಗೆಯನ್ನು ನನ್ನ ಕೈಯಲ್ಲೇ ಬಡಿಸಿದೆ. ಆ ಜನ ಏನೂ ಆಗದವರ ಹಾಗೆ ಮುದ್ದೆಗೆ ಆಲೂಗಡ್ಡೆ ಮೆತ್ತಿಕೊಂಡು, ಹಂದಿಮಾಂಸದ ಮೇಲೆ ಒಂದು ಚಮಚ ಮೂಳೆ ಸಾರು ಹಾಕಿಸಿಕೊಂಡು ಉಂಡರು. ನೋಡಲಾಗಲಿಲ್ಲ. ನನ್ನ ಸಾರಿನ ಗತಿಗೆ ನಾನೇ ಮುಖ ತಿರುಗಿಸಿದೆ. ಸಾರು ಸಾಲದೆ ಹೋದದ್ದು ಅವರಿಗೆ ಗೊತ್ತೇ ಆಗಲಿಲ್ಲ ಎಂದು ಪುಟ್ಟರಾಜು ಆಮೇಲೆ ಸಮಾಧಾನ ಹೇಳಿದ. ನನಗೆ ಗೊತ್ತಾಯಿತಲ್ಲಪ್ಪ ಎಂದೆ.

ಉಂಡಾದ ಮೇಲೆ ಹೊರಟರೇ? ಇಲ್ಲ. ಡೆಬ್ ತೋಳು ಮಡಿಸಿಕೊಂಡು ನನ್ನ ಪಾತ್ರೆ ತೊಳೆಯಲು ನಿಂತಳು. ಊಟಕ್ಕೆ ಬಂದವರು ಎಂಜಲು ಪಾತ್ರೆ ಮುಟ್ಟುವುದೇ! ಬೇಡ ಎಂದು ಎಳೆದೆ, ಅವಳು ಬಿಡಲಿಲ್ಲ. ತಳದಲ್ಲಿ ಹತ್ತಿದ ಸೀಕನ್ನು ಕೆರೆದು ಬಾಯಿಗೆ ಹಾಕಿಕೊಂಡು, ಇದೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದಳು. ಅದು ಅಡುಗೆಯವರ ಪಾಲು, ಅವಳಿಗೆ ಯಾರು ಹೇಳಿದರೋ ಕಾಣೆ.

ಎಲ್ಲ ಮುಗಿದ ಮೇಲೆ ನಾನು ಊಟಕ್ಕೆ ಕೂತೆ. ಭಟ್ಟ ಕೊನೆಗೆ ಕೂರುವವನು. ನನ್ನ ಅಡುಗೆಯಲ್ಲಿ ಏನೂ ಉಳಿದಿರಲಿಲ್ಲ. ಬೋರೇಗೌಡ ಆಲೂಗಡ್ಡೆ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತ. ಉಪ್ಪು ಕಡಿಮೆ ಇತ್ತು. ಇಬ್ಬರೂ ಪೂರ್ತಿ ತಿಂದೆವು.

ಊರಿಗೆ ಬಂದ ಮೇಲೆ ಬೋರೇಗೌಡ ಈ ವಿಷಯ ಯಾರಿಗೂ ಹೇಳಿಲ್ಲ, ನಾನೇ ಹೇಳುತ್ತಿದ್ದೇನೆ. ಇವತ್ತಿಗೆ ನನ್ನ ಹತ್ತಿರ ಇರುವುದು ಇಷ್ಟು: ದೊಡ್ಡ ಪಾತ್ರೆ ಹದಿನಾಲ್ಕು, ಗ್ಯಾಸ್ ಒಲೆ ಆರು, ಟೆಂಪೊ ಒಂದು, ಜೊತೆಗೆ ದುಡಿಯುವವರು ಹನ್ನೊಂದು ಜನ, ಬರುವ ತಿಂಗಳಿಗೆ ಒಪ್ಪಿಕೊಂಡ ಬೀಗರ ಊಟ ಒಂಬತ್ತು. ಊಟ ಸಾಲದೆ ಬಂದ ಮನೆ, ಒಂದು.